ಸ್ಟೌರ್‌ಹೆಡ್‌ಗೆ ಒಂದು ಮಧ್ಯಾಹ್ನ: ಕೆರೆ ನಿಮ್ಮ ಎಡಗೈ ಕಡೆ ಇರಲಿ

ಊರಿಂದ ಬಂದ ನೆಂಟರಿಗೆ ಇಂಗ್ಲೆಂಡ್ ತೋರಿಸುವುದು ನಮ್ಮ ಮನೆಯಲ್ಲಿ ನನ್ನ ಪಾಲಿನ ಕೆಲಸ. ಲಂಡನ್ ಮುಗಿದಿರುತ್ತದೆ. ಸ್ಟೋನ್‌ಹೆಂಜ್ ಕಲ್ಲುಗಳ ಮುಂದೆ ಫೋಟೋ ಆಗಿರುತ್ತದೆ. "ಇನ್ನೇನಿದೆ ತೋರಿಸೋಕೆ?" ಅಂತ ಕೇಳಿದಾಗ ನಾನು ಕಾರು ತಿರುಗಿಸುವುದು ಸ್ಟೌರ್‌ಹೆಡ್ ಕಡೆಗೆ. ವಿಲ್ಟ್‌ಶರ್‌ನಲ್ಲಿ, ಸ್ಟೌರ್ಟನ್ ಅನ್ನುವ ಪುಟ್ಟ ಹಳ್ಳಿಯ ಪಕ್ಕದಲ್ಲಿರುವ ಹಳೇ ಶ್ರೀಮಂತರ ಎಸ್ಟೇಟ್ ಇದು. ಒಂದು ದೊಡ್ಡ ಮನೆ, ಅದರ ಕೆಳಗೆ ಕಣಿವೆ, ಕಣಿವೆ ತುಂಬ ಕೆರೆ, ಕೆರೆ ಸುತ್ತ ಗುಡಿಗಳು. ಈಗ ಇದನ್ನು ನೋಡಿಕೊಳ್ಳುತ್ತಿರುವುದು ನ್ಯಾಷನಲ್ ಟ್ರಸ್ಟ್, ಇಂಥ ಹಳೇ ಜಾಗಗಳನ್ನು ಕಾಪಾಡುವ ಸಂಸ್ಥೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ತೋಟವನ್ನು ಯಾವ ಕಡೆಯಿಂದ ಬೇಕಾದರೂ ಸುತ್ತಬಹುದು, ಯಾರೂ ತಡೆಯುವುದಿಲ್ಲ. ಆದರೆ ಮಾಡಿದವನು ಒಂದು ಕ್ರಮ ಇಟ್ಟುಕೊಂಡು ಮಾಡಿದ್ದಾನೆ. ಆ ಕ್ರಮದಲ್ಲಿ ನಡೆದರೆ ಒಂದೊಂದು ನೋಟವೂ ತಾನಾಗಿ ಎದುರಿಗೆ ಬರುತ್ತದೆ. ಉಲ್ಟಾ ನಡೆದರೆ ಎಲ್ಲವೂ ನಿಮ್ಮ ಬೆನ್ನ ಹಿಂದೆಯೇ ಉಳಿಯುತ್ತದೆ. ಕೆಳಗಿನದೆಲ್ಲ ಆ ಕ್ರಮಕ್ಕೆ ಸಂಬಂಧಪಟ್ಟದ್ದೇ.

ಯಾವಾಗ, ಹೇಗೆ

ಮೇ ತಿಂಗಳಲ್ಲಿ ರೋಡೋಡೆಂಡ್ರಾನ್ ಅರಳುತ್ತದೆ. ಅಕ್ಟೋಬರ್ ಎರಡನೇ ಅರ್ಧದಲ್ಲಿ ಎಲೆಗಳು ಕೆಂಪು, ಹಳದಿ, ತಾಮ್ರದ ಬಣ್ಣಕ್ಕೆ ತಿರುಗುತ್ತವೆ. ಎರಡೂ ಕಾಲದಲ್ಲಿ ಶನಿವಾರ, ಭಾನುವಾರ ಜಾತ್ರೆ. ರಜೆ ಹಾಕಲು ಸಾಧ್ಯವಿದ್ದರೆ ಮಂಗಳವಾರವೋ ಬುಧವಾರವೋ ಹೋಗಿ. ನನ್ನನ್ನು ಕೇಳಿದರೆ ಸೆಪ್ಟೆಂಬರ್ ಇನ್ನೂ ಚೆನ್ನ. ಹೂವೂ ಇಲ್ಲ, ಎಲೆಯ ಬಣ್ಣವೂ ಇಲ್ಲ, ಬರೀ ಹಸಿರು. ಈ ತೋಟ 18ನೇ ಶತಮಾನದಲ್ಲಿ ಹುಟ್ಟಿದಾಗ ಇದ್ದದ್ದೂ ಹೆಚ್ಚುಕಡಿಮೆ ಹಾಗೆಯೇ: ಬೀಚ್, ಫರ್, ಲಾರೆಲ್ ಮರಗಳ ಕಪ್ಪು ಹಸಿರು, ತಿಳಿ ಹಸಿರು, ನಡುವೆ ಬಿಳಿ ಕಟ್ಟಡ, ಕೆಳಗೆ ನೀರು. ರೋಡೋಡೆಂಡ್ರಾನ್ ಎಲ್ಲ ಆಮೇಲಿನವರು ತಂದು ನೆಟ್ಟದ್ದು.

ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ ಅನ್ನುವುದು ನೆನಪಿರಲಿ. ಅದಾದ ಮೇಲೆ ಹೋಗುವುದಾದರೆ 'ಮಧ್ಯಾಹ್ನ' ಅನ್ನುವುದು ತುಂಬ ಸಣ್ಣದು. ನವೆಂಬರ್ ಮಧ್ಯದಲ್ಲಿ ನಾಲ್ಕೂಕಾಲಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ಜೂನ್‌ನಲ್ಲಾದರೆ ಒಂಬತ್ತು ಗಂಟೆ ದಾಟಿದರೂ ಬೆಳಕು, ಆದರೆ ಗೇಟು ಅಷ್ಟು ಹೊತ್ತು ಕಾಯುವುದಿಲ್ಲ.

ಲಂಡನ್‌ನಿಂದ ಕಾರಿನಲ್ಲಿ ಎಂ3, ಆಮೇಲೆ ಎ303. ಸ್ಟೋನ್‌ಹೆಂಜ್ ಹತ್ತಿರ ಆ ರಸ್ತೆಯಲ್ಲಿ ಟ್ರಾಫಿಕ್ ಕಟ್ಟಿಕೊಳ್ಳುತ್ತದೆ. ಅಲ್ಲಿಂದ ಇನ್ನೂ ಸುಮಾರು 25 ಮೈಲಿ. ಎರಡೂವರೆ ಗಂಟೆ ಅಂತ ಫೋನ್ ಹೇಳಿದರೆ ಮೂರು ಅಂತ ಇಟ್ಟುಕೊಳ್ಳಿ. ರೈಲಿನಲ್ಲಾದರೆ ವಾಟರ್‌ಲೂ ನಿಲ್ದಾಣದಿಂದ ಎಕ್ಸೆಟರ್ ಕಡೆ ಹೋಗುವ ಗಾಡಿ ಹತ್ತಿ ಡಾರ್ಸೆಟ್‌ನ ಗಿಲ್ಲಿಂಗ್‌ಹ್ಯಾಮ್‌ನಲ್ಲಿ ಇಳಿಯಬೇಕು. ಕೆಂಟ್‌ನಲ್ಲೂ ಇದೇ ಹೆಸರಿನ ಊರಿದೆ, ಟಿಕೆಟ್ ತೆಗೆಯುವಾಗ ನೋಡಿಕೊಳ್ಳಿ. ನಿಲ್ದಾಣದಿಂದ ಆರೇಳು ಮೈಲಿ. ಟ್ಯಾಕ್ಸಿಯನ್ನು ಹಿಂದಿನ ದಿನವೇ ಹೇಳಿಡಿ, ವಾಪಸ್ ಬರುವುದಕ್ಕೂ ಸೇರಿಸಿ. ಅಲ್ಲಿ ಕೈ ಬೀಸಿದರೆ ನಿಲ್ಲುವ ಗಾಡಿ ಯಾವುದೂ ಇಲ್ಲ.

ಟಿಕೆಟ್ ಕೌಂಟರಿನಲ್ಲಿ "ಗಿಫ್ಟ್ ಏಡ್ ಸೇರಿಸಲೇ?" ಅಂತ ಕೇಳುವುದುಂಟು. ನೀವು ಕಟ್ಟಿದ ತೆರಿಗೆಯಲ್ಲಿ ಸ್ವಲ್ಪ ಸರ್ಕಾರದಿಂದ ಟ್ರಸ್ಟಿಗೆ ಸಿಗುವಂತೆ ಮಾಡುವ ವ್ಯವಸ್ಥೆ ಅದು, ಬ್ರಿಟನ್‌ನಲ್ಲಿ ತೆರಿಗೆ ಕಟ್ಟುವವರಿಗೆ ಮಾತ್ರ. ಊರಿಂದ ಬಂದವರು ದುಡ್ಡು ಕೊಡುತ್ತಿದ್ದರೆ ಬೇಡ ಅನ್ನಿ, ಅದರಲ್ಲಿ ಸಂಕೋಚ ಏನಿಲ್ಲ. ಇಲ್ಲೇ ಇರುವವರು ವರ್ಷಕ್ಕೆ ಮೂರ್ನಾಲ್ಕು ಕಡೆ ಇಂಥ ಜಾಗಗಳಿಗೆ ಹೋಗುವವರಾದರೆ ಟ್ರಸ್ಟಿನ ಸದಸ್ಯರಾಗಿಬಿಡುವುದೇ ಲಾಭ. ಕಾರು ನಿಲ್ಲಿಸುವುದಕ್ಕೂ ಆಗ ದುಡ್ಡಿಲ್ಲ.

ಬಟ್ಟೆ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮಳೆ ತಡೆಯುವ ಜಾಕೆಟ್, ಹಿಡಿತ ಇರುವ ಶೂ. ನಮ್ಮತ್ತೆ ಸೀರೆ ಉಟ್ಟು, ಕೆಳಗೆ ಸ್ಪೋರ್ಟ್ಸ್ ಶೂ ಹಾಕಿ ಆರಾಮಾಗಿ ನಡೆದರು. ಚಪ್ಪಲಿ ಮಾತ್ರ ಬೇಡ, ಗುಹೆ ಹತ್ತಿರ ಕಲ್ಲು ಯಾವಾಗಲೂ ಒದ್ದೆ.

ಮೊದಲು ಮನೆ, ಆದರೆ ಮುಕ್ಕಾಲು ಗಂಟೆ ಮಾತ್ರ

ಮನೆಯ ಬಾಗಿಲು ತೋಟಕ್ಕಿಂತ ಮೊದಲೇ ಹಾಕುತ್ತಾರೆ. ಚಳಿಗಾಲದಲ್ಲಂತೂ ಯಾವ ದಿನ ತೆರೆದಿರುತ್ತದೆ ಅಂತ ನೋಡಿಕೊಂಡೇ ಹೋಗಬೇಕು. ಹಾಗಾಗಿ ಹನ್ನೆರಡೂವರೆಗೆಲ್ಲ ತಲುಪಿ, ಬುತ್ತಿ ಬಿಚ್ಚಿ ಊಟ ಮುಗಿಸಿ, ಸೀದಾ ಮನೆಗೆ ಹೋಗಿ. ಹುಲ್ಲಿನ ಮೇಲೆ ಕೂತು ತಿನ್ನಬಹುದು. ಬೆಂಕಿ, ಒಲೆ ಹಚ್ಚುವಂತಿಲ್ಲ. ಡ್ರೋನ್ ಹಾರಿಸುವಂತಿಲ್ಲ.

ಸ್ಟೌರ್ಟನ್ ಮನೆತನದವರು ಇಲ್ಲಿ ಶತಮಾನಗಳ ಕಾಲ ಇದ್ದರು. 1717ರಲ್ಲಿ ಜಾಗ ಹೆನ್ರಿ ಹೋರ್ ಎಂಬ ಬ್ಯಾಂಕರನ ಕೈಗೆ ಬಂತು. ಅವನ ಅಪ್ಪ ಸರ್ ರಿಚರ್ಡ್ ಹೋರ್ ಲಂಡನ್‌ನಲ್ಲಿ 1672ರಲ್ಲಿ ಶುರು ಮಾಡಿದ ಬ್ಯಾಂಕು ಫ್ಲೀಟ್ ಸ್ಟ್ರೀಟ್‌ನಲ್ಲಿ ಇವತ್ತೂ ನಡೆಯುತ್ತಿದೆ. ಹೆನ್ರಿ ಹಳೇ ಮನೆ ಕೆಡವಿಸಿ, ಕೋಲೆನ್ ಕ್ಯಾಂಪ್‌ಬೆಲ್ ಎಂಬ ವಾಸ್ತುಶಿಲ್ಪಿಯಿಂದ ಈಗಿನ ಮನೆ ಕಟ್ಟಿಸಿದ. ತೋಟ ಮಾಡಿದವನು ಇವನಲ್ಲ, ಇವನ ಮಗ. ಅವನ ಹೆಸರೂ ಹೆನ್ರಿಯೇ. ಗೊಂದಲ ಆಗದಿರಲಿ ಅಂತ ನಾನು ಮಗನನ್ನು 'ತೋಟದ ಹೆನ್ರಿ' ಅನ್ನುತ್ತೇನೆ. ಒಳಗೆ ಹೋದ ಕೂಡಲೇ ಹಜಾರದಲ್ಲಿ ಕುದುರೆ ಮೇಲೆ ಕೂತಿರುವ ದೊಡ್ಡ ಚಿತ್ರ ಇವನದೇ. 1705ರಲ್ಲಿ ಹುಟ್ಟಿದವನು, ಚಿತ್ರದಲ್ಲಿ ಇಪ್ಪತ್ತರ ಹುಡುಗ.

ಇಂಥ ಮನೆಗಳಲ್ಲಿ ಬೋರ್ಡುಗಳನ್ನು ಓದುತ್ತ ನಿಂತರೆ ಹೊತ್ತು ಹೋಗುತ್ತದೆ, ತಲೆಗೆ ಏನೂ ಹೋಗುವುದಿಲ್ಲ. ಪ್ರತಿ ಕೋಣೆಯಲ್ಲೂ ಸಾಮಾನ್ಯವಾಗಿ ಒಬ್ಬರು ಸ್ವಯಂಸೇವಕರು ಇರುತ್ತಾರೆ, ಜಾಸ್ತಿ ಜನ ನಿವೃತ್ತರು. ಅವರಾಗಿ ಮಾತಾಡಿಸುವುದಿಲ್ಲ, ಆದರೆ ಯಾರಾದರೂ ಕೇಳಲಿ ಅಂತ ಕಾಯುತ್ತಿರುತ್ತಾರೆ. "ಈ ಕೋಣೆಯಲ್ಲಿ ನಿಮಗೆ ಇಷ್ಟವಾದದ್ದು ಯಾವುದು?" ಅಂತ ಕೇಳಿ ಸಾಕು. ಒಂದು ಮೂಲೆಗೆ ಕರೆದುಕೊಂಡು ಹೋಗಿ, ನೀವು ಜನ್ಮದಲ್ಲಿ ಗಮನಿಸದಂಥ ಒಂದು ಬೀಗವನ್ನೋ ಕುರ್ಚಿಯ ಕಾಲನ್ನೋ ತೋರಿಸುತ್ತಾರೆ.

ಕುರ್ಚಿ ಅಂದಾಗ ನೆನಪಾಯಿತು. ಇಂಥ ಮನೆಗಳಲ್ಲಿ ಕೆಲವು ಹಳೇ ಕುರ್ಚಿಗಳ ಸೀಟಿನ ಮೇಲೆ ಒಂದು ಒಣಗಿದ ಮುಳ್ಳುಹೂವು ಇಟ್ಟಿರುತ್ತಾರೆ. ಟೀಸಲ್ ಅಂತ ಅದರ ಹೆಸರು. ಕಂದು ಬಣ್ಣ, ಮೊಟ್ಟೆ ಆಕಾರ, ಮೈತುಂಬ ಕೊಕ್ಕೆ ಮುಳ್ಳು. ಕೆಲವು ಕಡೆ ಅದರ ಬದಲು ಪೈನ್ ಕಾಯಿ. ಕೂರಬೇಡಿ ಅಂತ ಬೋರ್ಡು ಹಾಕುವ ಬದಲು ಇದು. ಬಿದ್ದಿದೆ ಅಂತ ಎತ್ತಿ ಪಕ್ಕಕ್ಕಿಟ್ಟು ಕೂತುಬಿಡಬೇಡಿ! ಕಿಟಕಿ ಪರದೆ ಅರ್ಧ ಇಳಿಸಿ ಕತ್ತಲೆ ಮಾಡಿರುವುದಕ್ಕೂ ಕಾರಣ ಇದೆ. ಬಿಸಿಲು ಬಿದ್ದಷ್ಟೂ ಬಟ್ಟೆಯ ಬಣ್ಣ, ಕಾಗದದ ಬಣ್ಣ ಹೋಗುತ್ತದೆ, ಹೋದದ್ದು ವಾಪಸ್ ಬರುವುದಿಲ್ಲ. ಬೆನ್ನ ಮೇಲಿನ ಬ್ಯಾಗನ್ನು ಎದೆ ಮೇಲೆ ಹಾಕಿಕೊಳ್ಳಲು ಹೇಳುತ್ತಾರೆ. ಫ್ಲ್ಯಾಶ್ ಬಳಸಬೇಡಿ.

ಎಲ್ಲ ಕೋಣೆಯಲ್ಲೂ ಸಮ ಹೊತ್ತು ಕಳೆಯಬೇಡಿ. ನೋಡಲೇಬೇಕಾದ್ದು ಎರಡು. ಒಂದು, ಲೈಬ್ರರಿ. ತೋಟದ ಹೆನ್ರಿಯ ಮೊಮ್ಮಗ ರಿಚರ್ಡ್ ಕೋಲ್ಟ್ ಹೋರ್ 1790ರ ದಶಕದಲ್ಲಿ ಮನೆಗೆ ಎರಡು ರೆಕ್ಕೆ ಸೇರಿಸಿದ, ಅದರಲ್ಲಿ ಒಂದು ಇದು. ಮೇಲೆ ಕಮಾನು ಚಾವಣಿ, ಕೆಳಗೆ ಹೆಸರಾಂತ ಪೀಠೋಪಕರಣ ಕುಶಲಕರ್ಮಿ ಚಿಪ್ಪೆಂಡೇಲ್‌ನ ಮಗ ಮಾಡಿಕೊಟ್ಟ ದೊಡ್ಡ ಮೇಜು. ಮೇಜಿನ ಕಾಲುಗಳನ್ನು ಬಗ್ಗಿ ನೋಡಿ, ಈಜಿಪ್ಟಿನ ತಲೆಗಳು ಕೆತ್ತಿವೆ. 1902ರಲ್ಲಿ ಬೆಂಕಿ ಬಿದ್ದು ಮನೆಯ ನಡುಭಾಗ ಸುಟ್ಟುಹೋಯಿತು, ಈ ರೆಕ್ಕೆಗಳು ಉಳಿದವು. ಎರಡನೆಯದು, ಪೋಪ್ ಐದನೆಯ ಸಿಕ್ಸ್ಟಸ್‌ಗಾಗಿ ರೋಮ್‌ನಲ್ಲಿ ಮಾಡಿದ ಕಪಾಟು. ಬಣ್ಣಬಣ್ಣದ ಕಲ್ಲು ಕೂರಿಸಿ ಮಾಡಿದ್ದು, ಮೈತುಂಬ ಡ್ರಾಯರುಗಳು. ಸುಮ್ನೆ ಎದುರು ನಿಂತು ನೋಡಿದರೆ ಕಣ್ಣಿಗೆ ಬರೀ ಹೊಳಪು. ಸ್ವಲ್ಪ ಪಕ್ಕಕ್ಕೆ ಸರಿದು ಒಂದೇ ಒಂದು ಡ್ರಾಯರ್ ಆರಿಸಿಕೊಂಡು ಅದನ್ನಷ್ಟೇ ನೋಡಿ.

ಈ ಮನೆ ಸಾರ್ವಜನಿಕರಿಗೆ ಸಿಕ್ಕಿದ ಕತೆ ಬೇಸರದ್ದು. ಕೊನೆಯ ಒಡೆಯ ಸರ್ ಹೆನ್ರಿ ಮತ್ತು ಅವರ ಹೆಂಡತಿ ಆಲ್ಡಾ ಅವರ ಒಬ್ಬನೇ ಮಗ ಹ್ಯಾರಿ ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು 1917ರಲ್ಲಿ ತೀರಿಕೊಂಡ. 1946ರಲ್ಲಿ ಗಂಡ ಹೆಂಡತಿ ಎಸ್ಟೇಟನ್ನು ಟ್ರಸ್ಟಿಗೆ ಕೊಟ್ಟರು. ಮರುವರ್ಷ ಮಾರ್ಚ್ 25ರಂದು ಇಬ್ಬರೂ ಒಂದೇ ದಿನ ತೀರಿಹೋದರು.

ಇನ್ನೊಂದು ಪ್ರಶ್ನೆಯನ್ನೂ ಸ್ವಯಂಸೇವಕರನ್ನು ಕೇಳಿ. ಇಲ್ಲಿ ಮಾತ್ರ ಅಲ್ಲ, ಯಾವ ದೊಡ್ಡ ಮನೆಗೆ ಹೋದರೂ ಕೇಳಿ: "ಇಷ್ಟು ದುಡ್ಡು ಎಲ್ಲಿಂದ ಬಂತು?" ಇಲ್ಲಿ ಉತ್ತರ ಬ್ಯಾಂಕು. ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ. 1720ರಲ್ಲಿ ಸೌತ್ ಸೀ ಕಂಪನಿಯ ಶೇರು ಗಾಳಿ ತುಂಬಿದ ಹಾಗೆ ಏರಿ, ಒಡೆದು, ಎಷ್ಟೋ ಜನ ಬೀದಿಗೆ ಬಿದ್ದರು. ಹೋರ್ ಬ್ಯಾಂಕು ಹೊತ್ತಿಗೆ ಸರಿಯಾಗಿ ಕೊಂಡು, ಹೊತ್ತಿಗೆ ಸರಿಯಾಗಿ ಮಾರಿ ಲಾಭ ಮಾಡಿತು. ಆಫ್ರಿಕಾದ ಜನರನ್ನು ಗುಲಾಮರಾಗಿ ಸ್ಪೇನಿನ ವಸಾಹತುಗಳಿಗೆ ಸಾಗಿಸುವ ಗುತ್ತಿಗೆ ಇದ್ದದ್ದು ಅದೇ ಕಂಪನಿಗೆ. ಇದು ಗೊತ್ತಿದ್ದರೆ ತೋಟದ ಚೆಲುವು ಕಡಿಮೆಯಾಗುತ್ತದೆ ಅಂತ ನನಗೇನೂ ಅನ್ನಿಸಿಲ್ಲ. ಗೊತ್ತಿಲ್ಲದೆ ನೋಡಿ ಬರುವುದು ಮಾತ್ರ ಅರ್ಧ ನೋಡಿದ ಹಾಗೆ.

ಇಳಿದು ಕೆರೆಗೆ

ಮನೆಯಿಂದ ಹೊರಗೆ ಬಂದಾಗ ಎರಡು ಗಂಟೆ ಆಗಿರಲಿ. ಇಲ್ಲಿಂದ ಕೆರೆ ಕಾಣುವುದಿಲ್ಲ. ಬೇಕಂತಲೇ ಕಾಣದ ಹಾಗೆ ಮಾಡಿದ್ದು. ಹಳ್ಳಿಯ ಕಡೆಯಿಂದ, ಸ್ಪ್ರೆಡ್ ಈಗಲ್ ಅನ್ನುವ ಹಳೇ ಹೋಟೆಲಿನ ಪಕ್ಕದಿಂದಲೂ ತೋಟಕ್ಕೆ ದಾರಿ ಇದೆ. ಬಹಳ ಜನ ಅಲ್ಲಿಂದ ಬರುತ್ತಾರೆ, ಯಾಕೆಂದರೆ ಕಾಲಿಟ್ಟ ಕೂಡಲೇ ಪೋಸ್ಟ್‌ಕಾರ್ಡಿನ ಚಿತ್ರ ಸಿಗುತ್ತದೆ: ಸೇತುವೆ, ಕೆರೆ, ಆಚೆ ದಡದಲ್ಲಿ ಗುಮ್ಮಟದ ಪ್ಯಾಂಥಿಯನ್. ನೀವು ಅಲ್ಲಿಂದ ಬರಬೇಡಿ. ಮನೆಯ ಹಿಂದಿನ ಹುಲ್ಲುಹಾಸು ದಾಟಿ, ಮರಗಳ ನಡುವಿನ ದಾರಿಯಲ್ಲಿ ಇಳಿಯಿರಿ. ಮರಗಳ ಸಂದಿಯಲ್ಲಿ ನೀರು ಒಂಚೂರು ಮಿನುಗುತ್ತದೆ, ಮಾಯವಾಗುತ್ತದೆ, ಮತ್ತೆ ಬೇರೆ ಕಡೆ ಕಾಣುತ್ತದೆ.

ಕೆಳಗೆ ತಲುಪಿದ ಮೇಲೆ ಕೆರೆ ನಿಮ್ಮ ಎಡಗೈ ಕಡೆ ಇರುವಂತೆ ನಡೆಯಿರಿ. "ಇದು ಅಪ್ರದಕ್ಷಿಣೆ ಆಗಲಿಲ್ವೇನಮ್ಮಾ?" ಅಂದರು ಮಾವ. ಆಯಿತು ನಿಜ. ಆದರೆ ಇಲ್ಲಿನ ಗುಡಿಗಳಲ್ಲಿ ಪೂಜೆ ಇಲ್ಲ, ದೇವರಿಗೆ ಬೇಜಾರೂ ಇಲ್ಲ. ಇಡೀ ಸುತ್ತು ಸುಮಾರು ಎರಡು ಕಿಲೋಮೀಟರು. ನಿಂತು, ಕೂತು, ನೋಡಿ ನಡೆದರೆ ಎರಡು ಗಂಟೆ.

ಮೊದಲು ಸಿಗುವುದು ರೋಮನ್ನರ ಹೂವಿನ ದೇವತೆ ಫ್ಲೋರಾಳ ಗುಡಿ. ಹೆನ್ರಿ ಫ್ಲಿಟ್‌ಕ್ರಾಫ್ಟ್ ಎಂಬ ವಾಸ್ತುಶಿಲ್ಪಿಯಿಂದ 1740ರ ದಶಕದಲ್ಲಿ ತೋಟದ ಹೆನ್ರಿ ಕಟ್ಟಿಸಿದ ಮೊದಲ ಗುಡಿ ಇದು. ಬಾಗಿಲ ಮೇಲೆ ಲ್ಯಾಟಿನ್ನಿನಲ್ಲಿ ಒಂದು ಎಚ್ಚರಿಕೆ ಕೆತ್ತಿದ್ದಾರೆ, ಯೋಗ್ಯತೆ ಇಲ್ಲದವರು ದೂರ ಇರಿ ಅಂತ. ದೂರ ಇರಬೇಡಿ. ಗುಡಿಗೆ ಬೆನ್ನು ಹಾಕಿ ನೀರಿನ ಆಚೆ ನೋಡಿ. ಎದುರು ದಡದಲ್ಲಿ ಪ್ಯಾಂಥಿಯನ್ ಕಾಣುತ್ತದೆ. ಈಜಿ ಹೋಗುವಷ್ಟು ಹತ್ತಿರ ಅನ್ನಿಸುತ್ತದೆ. ದಾರಿ ಮಾತ್ರ ಅದರ ಕಡೆಗೆ ಹೋಗದೆ ಮರಗಳೊಳಗೆ ತಿರುಗುತ್ತದೆ. ತೋಟದ ಹೆನ್ರಿ ಇಟಲಿ ಸುತ್ತಿ ಬಂದವನು, ಚಿತ್ರಗಳನ್ನು ಕೊಳ್ಳುವ ಹುಚ್ಚು ಇದ್ದವನು. ತೋರಿಸಿ ಬಚ್ಚಿಡುವುದು, ಬಚ್ಚಿಟ್ಟು ತೋರಿಸುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಗುಹೆಯಲ್ಲಿ ಹತ್ತು ನಿಮಿಷ

ಗುಹೆಗೆ ಇಳಿಯುವ ಮುಂಚೆ ಮಕ್ಕಳ ಕೈ ಹಿಡಿದುಕೊಳ್ಳಿ, ಎತ್ತರ ಇರುವವರು ತಲೆ ಬಗ್ಗಿಸಿ. ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಏನೂ ಕಾಣುವುದಿಲ್ಲ. ನೀರಿನ ಸದ್ದು ಕೇಳುತ್ತದೆ, ತಣ್ಣಗಿನ ಗಾಳಿ ಮುಖಕ್ಕೆ ಬಡಿಯುತ್ತದೆ. ಬಹಳ ಜನ ಇಲ್ಲೇ ಫೋನಿನ ಟಾರ್ಚ್ ಹಚ್ಚಿ, ಒಂದು ಫೋಟೋ ತೆಗೆದು, ಆಚೆ ಬಾಗಿಲಿಂದ ಹೊರಟುಬಿಡುತ್ತಾರೆ. ಹಾಗೆ ಮಾಡಬೇಡಿ. ಟಾರ್ಚ್ ಆರಿಸಿ ಸುಮ್ಮನೆ ನಿಲ್ಲಿ.

ನಿಧಾನಕ್ಕೆ ಕಣ್ಣು ಹೊಂದಿಕೊಳ್ಳುತ್ತದೆ. ಗುಂಡಗಿನ ಕೋಣೆ. ಮೇಲೆ ನಡುವೆ ಒಂದು ರಂಧ್ರ, ಅಲ್ಲಿಂದ ಬೆಳಕು ಇಳಿಯುತ್ತದೆ. ಗೋಡೆಗೆ ತೂತುತೂತಾದ ಒರಟು ಕಲ್ಲು ಮೆತ್ತಿದ್ದಾರೆ, ಕೆಳಗೆ ಬೆಣಚುಕಲ್ಲಿನ ನೆಲ. ಗೋಡೆಯ ಗೂಡಿನಲ್ಲಿ ಒಬ್ಬಳು ಮಲಗಿದ್ದಾಳೆ, ತಲೆ ತೋಳಿನ ಮೇಲೆ, ಕಣ್ಣು ಮುಚ್ಚಿದೆ. ಬಿಳಿ ಬಣ್ಣ ಬಳಿದ ಸೀಸದ ವಿಗ್ರಹ, ಜಾನ್ ಚೀರ್ ಎಂಬ ಶಿಲ್ಪಿ ಮಾಡಿದ್ದು. ಅವಳ ಕೆಳಗಿನಿಂದ ಹರಿಯುವುದು ನಿಜವಾದ ಊಟೆಯ ನೀರು, ಪೈಪಿನದಲ್ಲ. ಮುಂದೆ ಕಲ್ಲಿನಲ್ಲಿ ನಾಲ್ಕು ಸಾಲು ಪದ್ಯ ಕೆತ್ತಿದೆ: ನನ್ನ ನಿದ್ದೆ ಕೆಡಿಸಬೇಡಿ, ಸದ್ದಿಲ್ಲದೆ ಬನ್ನಿ ಅನ್ನುವ ಧಾಟಿಯದು. ಮುಂದಿನ ಗೂಡಿನಲ್ಲಿ ಗಡ್ಡದ ನದಿ ದೇವರು ಕೂತಿದ್ದಾನೆ, ಅವನೂ ಚೀರ್ ಮಾಡಿದವನೇ.

ಇಷ್ಟೆಲ್ಲ ನೋಡಿದ ಮೇಲೆ ಎಡಕ್ಕೆ ತಿರುಗಿ. ಕಲ್ಲು ಸೀಳಿ ಮಾಡಿದ ಕಿಟಕಿಯಂಥ ಕಂಡಿ ಇದೆ. ಅದರಲ್ಲಿ ಕೆರೆ ಕಾಣುತ್ತದೆ, ನೀರಿನ ಮಟ್ಟದಲ್ಲೇ. ಬಾತುಕೋಳಿ ನಿಮ್ಮ ಕಣ್ಣಿನ ಎತ್ತರದಲ್ಲಿ ಈಜಿಕೊಂಡು ಹೋಗುತ್ತದೆ. ಆಚೆ ದಡದಲ್ಲಿ ಹಳ್ಳಿ. ಇಡೀ ತೋಟದಲ್ಲಿ ನನಗೆ ಇಷ್ಟವಾದ ಜಾಗ ಇದೇ. ಫೋಟೋ ತೆಗೆಯುವುದಿದ್ದರೆ ಹೊರಗಿನ ನೀರಿನ ಮೇಲೆ ಬೆರಳಿಟ್ಟು ಬೆಳಕು ಹೊಂದಿಸಿ, ಕಲ್ಲಿನ ಚೌಕಟ್ಟು ಕಪ್ಪಗೆ ಬರಲಿ.

ಪ್ಯಾಂಥಿಯನ್, ಮತ್ತು ಬಿಸಿಲಿನ ಲೆಕ್ಕ

ಗುಹೆ ಬಿಟ್ಟು ಮೆಟ್ಟಿಲು ಹತ್ತಿ, ಗಾಥಿಕ್ ಕಾಟೇಜ್ ಅನ್ನುವ ಪುಟ್ಟ ಮನೆ ದಾಟಿದರೆ ಪ್ಯಾಂಥಿಯನ್. 1750ರ ದಶಕದ್ದು, ರೋಮ್‌ನಲ್ಲಿರುವ ಪ್ಯಾಂಥಿಯನ್ ಎಂಬ ಪ್ರಾಚೀನ ದೇಗುಲದ ಚಿಕ್ಕ ರೂಪ. ಒಳಗೆ ರಿಸ್‌ಬ್ರಾಕ್ ಎಂಬ ಶಿಲ್ಪಿ ಕೆತ್ತಿದ ಪುರಾಣದ ವೀರ ಹರ್ಕ್ಯುಲಿಸ್ ನಿಂತಿದ್ದಾನೆ. ಕೆಲವೊಮ್ಮೆ ಒಳಗೆ ಬಿಡುತ್ತಾರೆ, ಕೆಲವೊಮ್ಮೆ ಜಾಲರಿ ಬಾಗಿಲಿಂದಲೇ ನೋಡಬೇಕು. ನನ್ನ ಪ್ರಕಾರ ವಿಗ್ರಹಕ್ಕಿಂತ ಮೆಟ್ಟಿಲು ಮುಖ್ಯ. ಅಲ್ಲಿ ಕೂತು ತಿರುಗಿ ನೋಡಿ.

ಬಿಸಿಲಿನ ಲೆಕ್ಕ ಇಲ್ಲಿ ಹೇಳುತ್ತೇನೆ, ಯಾಕೆಂದರೆ ಮಧ್ಯಾಹ್ನ ಹೋಗುವವರಿಗೆ ಇದು ಬೇಕು. ಹಳ್ಳಿ, ಸೇತುವೆ ಇರುವುದು ಕೆರೆಯ ಪೂರ್ವಕ್ಕೆ. ಪ್ಯಾಂಥಿಯನ್ ಪಶ್ಚಿಮಕ್ಕೆ. ಸೇತುವೆಯಿಂದ ಪ್ಯಾಂಥಿಯನ್ ಕಡೆ ತೆಗೆಯುವ ಆ ಪೋಸ್ಟ್‌ಕಾರ್ಡ್ ಫೋಟೋ ಬೆಳಗಿನದು. ಮಧ್ಯಾಹ್ನ ಮೂರರ ಮೇಲೆ ಸೂರ್ಯ ಪ್ಯಾಂಥಿಯನ್ ಹಿಂದೆ ಹೋಗಿ ಅದರ ಮುಖ ಕಪ್ಪಾಗಿರುತ್ತದೆ. ಆದರೆ ಪ್ಯಾಂಥಿಯನ್ ಮೆಟ್ಟಿಲ ಮೇಲಿಂದ ವಾಪಸ್ ನೋಡಿದರೆ ಸೂರ್ಯ ನಿಮ್ಮ ಬೆನ್ನಿಗೆ. ಐದು ಕಮಾನಿನ ಸೇತುವೆ, ಹಿಂದೆ ಶಿಲುಬೆ ಗೋಪುರ, ಸೇಂಟ್ ಪೀಟರ್ ಚರ್ಚು, ಹಳ್ಳಿಯ ಮನೆಗಳು ಎಲ್ಲವೂ ಹೊನ್ನಿನ ಬಣ್ಣ. ಎಡಸುತ್ತು ಹೊರಟವರು ಮೂರೂವರೆ ಹೊತ್ತಿಗೆ ಸರಿಯಾಗಿ ಇಲ್ಲಿರುತ್ತಾರೆ. ಮೋಡ ಇದ್ದರೆ ಈ ಲೆಕ್ಕ ಮರೆತುಬಿಡಿ, ಇಂಗ್ಲೆಂಡ್ ಅಲ್ವಾ.

ಏರಿ ಮೇಲೆ

ಕಬ್ಬಿಣದ ಪುಟ್ಟ ಸೇತುವೆ ದಾಟಿದರೆ ಮುಂದಿನದು ಮರಗಳ ನಡುವೆ ನೇರ, ಸಮತಟ್ಟಾದ ದಾರಿ. ಎಲ್ಲರೂ ಬೇಗ ಬೇಗ ದಾಟುವ ಭಾಗ ಇದು. ನಮ್ಮ ಮಾವ ಅಲ್ಲಿ ನಿಂತುಬಿಟ್ಟರು. ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದವರು.

"ಇದು ಏರಿ ಕಣಮ್ಮಾ. ಈ ಕಡೆ ನೀರು ನೋಡು, ಆ ಕಡೆ ಎಷ್ಟು ಆಳಕ್ಕೆ ಇಳಿದಿದೆ ನೋಡು."

"ಹೌದು ಮಾವ, ಇದನ್ನ ಕಟ್ಟಿದ ಮೇಲೇ ಕೆರೆ ಆಗಿದ್ದು."

"ಹಾಗಾದ್ರೆ ಕೋಡಿ ಎಲ್ಲಿ?"

ಕೋಡಿ ಇದೆ. ಏರಿಯ ಆಚೆ ಮಗ್ಗುಲಲ್ಲಿ ಬಂಡೆಗಳ ಮೇಲಿಂದ ನೀರು ಧುಮುಕಿ ಕೆಳಗಿನ ಇನ್ನೊಂದು ಕೆರೆಗೆ ಹೋಗುತ್ತದೆ. ನೋಡಿದವರು ಸಹಜ ಜಲಪಾತ ಅಂದುಕೊಳ್ಳಬೇಕು, ಹಾಗೆ ಜೋಡಿಸಿದ್ದಾರೆ. 1760ರ ದಶಕದಲ್ಲಿ ತೋಟದ ಹೆನ್ರಿಯ ಗೆಳೆಯ ಬ್ಯಾಂಪ್‌ಫೀಲ್ಡ್ ಹಾಕಿಕೊಟ್ಟ ವಿನ್ಯಾಸ. ಕೆಳಗೆ ನೀರಿನ ಚಕ್ರವೂ ಒಂದಿದೆ.

ಇದನ್ನು ತಿಳಿದುಕೊಂಡರೆ ಇಡೀ ತೋಟ ಅರ್ಥವಾಗುತ್ತದೆ. ಈ ಕಣಿವೆಯಲ್ಲಿ ಊಟೆಗಳಿವೆ, ಸ್ಟೌರ್ ನದಿ ಹುಟ್ಟುವುದು ಇಲ್ಲಿಯೇ. ಹಳೇ ಒಡೆಯರಾದ ಸ್ಟೌರ್ಟನ್ ಮನೆತನದ ಲಾಂಛನದಲ್ಲೂ ಆರು ಊಟೆಗಳಿವೆ. ಮುಂಚೆ ಮೀನು ಸಾಕುವ ಸಣ್ಣ ಹೊಂಡಗಳಿದ್ದವು. 1750ರ ದಶಕದಲ್ಲಿ ತೋಟದ ಹೆನ್ರಿ ಕಣಿವೆಯ ಬಾಯಿಗೆ ಮಣ್ಣಿನ ಏರಿ ಹಾಕಿಸಿದ. ನೀರು ನಿಂತಿತು. ನೀರು ಎಲ್ಲಿಯವರೆಗೆ ಬಂತೋ ಅಲ್ಲಿ ದಡ. ಚಿತ್ರದಂಥ ಈ ನೋಟಕ್ಕೆಲ್ಲ ಆಧಾರ ಯಾರೂ ಫೋಟೋ ತೆಗೆಯದ ಈ ಮಣ್ಣಿನ ಗೋಡೆ. ಇಲ್ಲಿಂದ ಹೊರಟ ನದಿ ಸುಮಾರು 60 ಮೈಲಿ ಹರಿದು ಡಾರ್ಸೆಟ್‌ನ ಕ್ರೈಸ್ಟ್‌ಚರ್ಚ್‌ನಲ್ಲಿ ಸಮುದ್ರ ಸೇರುತ್ತದೆ. ಮಾವ ತೂಬು ಹುಡುಕುತ್ತ ಇನ್ನೂ ಸ್ವಲ್ಪ ಹೊತ್ತು ಬಗ್ಗಿ ನೋಡಿದರು. ಮನೆಯಲ್ಲಿ ಯಾರಿಗಾದರೂ ಮಂಡಿ ನೋವಿದ್ದರೆ, ಇದು ಸಮತಟ್ಟು ಜಾಗವಾದ್ದರಿಂದ ಇಲ್ಲೇ ಸ್ವಲ್ಪ ಸುಧಾರಿಸಿಕೊಳ್ಳಲಿ. ಮುಂದೆ ಏರು ಇದೆ.

ಅಪೊಲೊ ಗುಡಿ: ಹತ್ತಬೇಕೇ?

ಗುಡ್ಡದ ಮೇಲಿರುವ ಗುಂಡಗಿನ ಅಪೊಲೊ ಗುಡಿ 1765ರದ್ದು. ಕಲ್ಲುಬಂಡೆಯ ಕಮಾನು ದಾಟಿ, ಕಡಿದಾದ ದಾರಿಯಲ್ಲಿ ಹತ್ತಬೇಕು. ಮೇಲಿಂದ ಕೆರೆ ಪೂರ್ತಿ ಕಾಣುತ್ತದೆ. ನೀವು ಸುತ್ತಿದ ದಾರಿಯೆಲ್ಲ ಕಾಲ ಕೆಳಗೆ ಇರುತ್ತದೆ. ಕಾಲು ಗಟ್ಟಿ ಇರುವವರು ಖಂಡಿತ ಹತ್ತಿ. ಉಳಿದವರಿಗೆ ಕೆಳಗೆ ದಡದ ಪಕ್ಕದಲ್ಲೇ ದಾರಿ ಇದೆ, ಅತ್ತೆ ಅದರಲ್ಲೇ ಹೋಗಿ ನಮಗಿಂತ ಮೊದಲು ಸೇತುವೆ ಹತ್ತಿರ ಬೆಂಚು ಹಿಡಿದು ಕೂತಿದ್ದರು. ಮಳೆ ಬಂದು ನಿಂತ ದಿನವಾದರೆ ಯಾರೂ ಹತ್ತಬೇಡಿ, ಇಳಿಯುವಾಗ ಜಾರುತ್ತದೆ.

ಕೊನೆಗೆ ಸೇತುವೆ. ಕಲ್ಲಿನ ಸೇತುವೆ, ಮೇಲೆಲ್ಲ ಹುಲ್ಲು. ದಾಟುವುದಕ್ಕಿಂತ ನೋಡುವುದಕ್ಕೆ ಕಟ್ಟಿದ್ದು ಅಂತ ನೋಡಿದರೇ ಗೊತ್ತಾಗುತ್ತದೆ. ಅದರ ಹಿಂದಿನ ಶಿಲುಬೆ ಗೋಪುರ ಈ ಊರಿನದಲ್ಲ, ಬ್ರಿಸ್ಟಲ್ ನಗರದ್ದು. 1373ರಲ್ಲಿ ಅಲ್ಲಿನ ಪೇಟೆಬೀದಿಯಲ್ಲಿ ನಿಲ್ಲಿಸಿದ್ದರು. ದಾರಿಗೆ ಅಡ್ಡ ಅಂತ 1733ರಲ್ಲಿ ಅಲ್ಲಿಂದ ಕಿತ್ತರು. ಇನ್ನೊಂದು ಕಡೆ ನೆಟ್ಟರು, ಅಲ್ಲೂ ಅಡ್ಡಾಡುವವರಿಗೆ ಅಡ್ಡಿ ಆಯಿತು. ಕೊನೆಗೆ ತೋಟದ ಹೆನ್ರಿ ತರಿಸಿಕೊಂಡ. ಸುತ್ತ ಗೂಡುಗಳಲ್ಲಿ ಇಂಗ್ಲೆಂಡಿನ ರಾಜರು ನಿಂತಿದ್ದಾರೆ. ಮಕ್ಕಳಿದ್ದರೆ ಎಷ್ಟು ರಾಜರು ಅಂತ ಎಣಿಸಲು ಬಿಡಿ, ನಿಮಗೆ ಐದು ನಿಮಿಷ ಬಿಡುವು ಸಿಗುತ್ತದೆ.

ಟೀ, ಮತ್ತು ಹೊರಡುವುದು

ಕೆಫೆ ಸಂಜೆಯವರೆಗೆ ತೆರೆದಿರುತ್ತದೆ ಅಂದುಕೊಂಡು ನಿಧಾನ ಮಾಡಬೇಡಿ, ಹೋಗುವ ಮೊದಲೇ ಮುಚ್ಚುವ ಹೊತ್ತು ನೋಡಿಟ್ಟುಕೊಳ್ಳಿ. ಸ್ಕೋನ್, ಜಾಮ್, ಗಟ್ಟಿ ಕೆನೆ, ಒಂದು ಪಾಟ್ ಟೀ. ಇಬ್ಬರಿಗೆ ಒಂದು ಪಾಟ್ ಧಾರಾಳ. ಮೊಟ್ಟೆ ತಿನ್ನದವರು ಕೌಂಟರಿನಲ್ಲಿ ಕೇಳಿ, ಯಾವುದರಲ್ಲಿ ಏನಿದೆ ಅಂತ ಪಟ್ಟಿ ತೋರಿಸುತ್ತಾರೆ. ಟೀಗೆ ತಡವಾದರೆ ಫ್ಲಾಸ್ಕೇ ಗತಿ. ನಾನಂತೂ ಯಾವಾಗಲೂ ಮನೆಯಿಂದ ಒಂದು ಫ್ಲಾಸ್ಕ್ ಶುಂಠಿ ಟೀ ತಂದಿರುತ್ತೇನೆ.

ಹೊತ್ತು ಮಿಕ್ಕರೆ ಗೋಡೆ ಕಟ್ಟಿದ ತರಕಾರಿ ತೋಟಕ್ಕೆ ಒಂದು ಸುತ್ತು ಹಾಕಿ. ಗಾಜಿನ ಮನೆಯಲ್ಲಿ ಪೆಲಾರ್ಗೋನಿಯಂ ಗಿಡಗಳಿವೆ. ಎಲೆ ಮುಟ್ಟಿ ಬೆರಳು ಮೂಸಿ, ಕೆಲವು ನಿಂಬೆ, ಕೆಲವು ಗುಲಾಬಿ ವಾಸನೆ. ಎಲೆ ಕೀಳಬೇಡಿ.

ಕಿಂಗ್ ಆಲ್ಫ್ರೆಡ್ ಟವರ್ ಬಗ್ಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. 1772ರಲ್ಲಿ ಮುಗಿದ, ಮೂರು ಮೂಲೆಯ ಇಟ್ಟಿಗೆ ಗೋಪುರ. ಎತ್ತರ 49 ಮೀಟರು, ಒಳಗೆ 205 ಮೆಟ್ಟಿಲು. ಎಸ್ಟೇಟಿನ ಇನ್ನೊಂದು ತುದಿಯಲ್ಲಿದೆ, ಮೇಲೆ ಹತ್ತಲು ಬಿಡುವುದು ಕೆಲವು ದಿನ ಮಾತ್ರ. ಒಂದೇ ಮಧ್ಯಾಹ್ನದಲ್ಲಿ ಮನೆ, ಕೆರೆ, ಗೋಪುರ ಮೂರನ್ನೂ ತುರುಕಲು ಹೋದರೆ ಕೆರೆಯನ್ನು ಓಡಿ ಸುತ್ತಬೇಕಾಗುತ್ತದೆ. ಒಂದನ್ನು ಬಿಡಲೇಬೇಕಾದರೆ ನಾನು ಗೋಪುರ ಬಿಡುತ್ತೇನೆ. ಎರಡನ್ನು ಬಿಡಬೇಕಾದರೆ ಮನೆಯನ್ನೂ ಬಿಡುತ್ತೇನೆ.

ಶುಕ್ರವಾರವೋ ಭಾನುವಾರವೋ ಆದರೆ ಐದು ಗಂಟೆಗೆ ಎ303 ಹತ್ತಬೇಡಿ. ಎರಡು ಮೂರು ಮೈಲಿ ಆಚೆ ಮಿಯರ್ ಅನ್ನುವ ಸಣ್ಣ ಪೇಟೆ ಇದೆ. ಅಲ್ಲಿ ಕಾರು ನಿಲ್ಲಿಸಿ, ಏನಾದರೂ ತಿಂದು, ಏಳರ ಮೇಲೆ ಹೊರಡಿ.